ಕಲಬುರಗಿ ದೂರದರ್ಶನ ಕೇಂದ್ರ

ಕಲ್ಯಾಣ ಕರ್ನಾಟಕದ ಈ ಸಣ್ಣ ಟಿವಿ ಕೇಂದ್ರ 1977ರಲ್ಲಿ ಆರಂಭವಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ಇಲ್ಲಿಗೆ ಟಿವಿ ಬರಲು ಕಾರಣ 'ಸೈಟ್' ಪ್ರಯೋಗ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ, ಇಸ್ರೋ ಮತ್ತು ಆಕಾಶವಾಣಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿದವು. ಕರ್ನಾಟಕದಲ್ಲಿ ಆಯ್ಕೆಯಾದವು ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳು. ರಾಯಚೂರು ಆಗ ಕೊಪ್ಪಳವನ್ನೂ ಒಳಗೊಂಡಿತ್ತು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಸಮುದಾಯದ ಟಿವಿ ಮುಂದೆ ಕೂತವರಿಗೆ ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಮನರಂಜನೆ.

ಇಷ್ಟು ಬೇಗ ಟಿವಿ ಕಂಡ ಸೀಮೆಯನ್ನು ಕಡೆಗಣಿಸಲಾಯಿತು ಎನ್ನುವುದು ಹೇಗೆ ಎಂದು ಕೇಳಬಹುದು. ಆದರೆ ನೋಡುವ ಅವಕಾಶ ಬೇರೆ, ತಯಾರಿಸುವ ಅಧಿಕಾರ ಬೇರೆ. ಸೈಟ್‌ನ ಕನ್ನಡ ಕಾರ್ಯಕ್ರಮಗಳ ತಯಾರಿಕಾ ನೆಲೆ ಹೈದರಾಬಾದ್. ಎರೆಹೊಲದ ಜೋಳ, ತೊಗರಿಯ ಬೇಸಾಯವನ್ನು ಈ ಸೀಮೆಯ ಮಾತಿನಲ್ಲೇ ಹೇಳಲು ಹತ್ತಿರದ ಕೇಂದ್ರವೇ ಬೇಕು. ಕಲಬುರಗಿ ಕೇಂದ್ರದ ನಿಜವಾದ ಮಹತ್ವ ಇಲ್ಲಿದೆ. ಉಪಗ್ರಹವಿದ್ದರೆ ಸ್ಥಳೀಯ ಕೇಂದ್ರವೇಕೆ ಎಂಬ ವಾದವೂ ಪೂರ್ತಿ ನಿಲ್ಲದು: ಎಟಿಎಸ್-6 ಎರವಲಿನದು, 1976ರ ಜುಲೈ ಕೊನೆಗೆ ಪ್ರಯೋಗ ಮುಗಿಯಿತು. ಆ ವಾದದಲ್ಲಿ ಒಪ್ಪಬೇಕಾದ ಅಂಶ ಒಂದಿದೆ. ನೆಲದ ಗೋಪುರದ ಪ್ರಸಾರ ಸುತ್ತಲಿನ ಊರುಗಳಿಗಷ್ಟೇ ಎಟಕುತ್ತದೆ. ಉಪಗ್ರಹಕ್ಕೆ ಆ ಮಿತಿ ಇರಲಿಲ್ಲ.