ಜಿದ್ದಿಗೆ ಇಬ್ಬರು ಬೇಕು

2022ರ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಆಫೀಸಿನ ಟೀ ಮೆಷಿನ್ ಪಕ್ಕದ ಗೋಡೆಗೆ ಒಂದು ಎಕ್ಸೆಲ್ ಶೀಟು ಅಂಟಿಸಿದ್ದೆವು. ಕತಾರ್ ಫುಟ್‌ಬಾಲ್ ವಿಶ್ವಕಪ್ಪಿನ 64 ಪಂದ್ಯ, ಊಹೆ ಬರೆಯಲು ಹತ್ತೊಂಬತ್ತು ಜನ. ಗೆಲ್ಲುವ ತಂಡವನ್ನು ಸರಿಯಾಗಿ ಬರೆದರೆ ಒಂದು ಪಾಯಿಂಟು, ಗೋಲಿನ ಲೆಕ್ಕವೂ ಹೊಂದಿದರೆ ಮೂರು. ದುಡ್ಡಿನ ಮಾತಿಲ್ಲ. ವಾರದ ಕೊನೆಗೆ ಪಟ್ಟಿಯ ತಳದಲ್ಲಿದ್ದವರು ಎಲ್ಲರಿಗೂ ಬೋಂಡಾ ತರಿಸಬೇಕು, ಅಷ್ಟೆ. ಎರಡನೇ ದಿನಕ್ಕೇ ಮ್ಯಾನೇಜರು ಶೀಟಿನ ಮುಂದೆ ನಿಂತು, "ಭಾರಿ ಜಿದ್ದಿಗೆ ಬಿದ್ದಿದ್ದೀರಲ್ಲಪ್ಪ" ಅಂದರು. ಆ ಜಿದ್ದು ಅನ್ನುವ ಮಾತು ನನ್ನ ಕಿವಿಯಲ್ಲಿ ಉಳಿದುಬಿಟ್ಟಿತು.

ಅದರ ಮೂಲ ಅರಬ್ಬಿ. ಅಲ್ಲಿ ಅದು 'ದಿದ್ದ್', ಅಂದರೆ ಎದುರು, ವಿರುದ್ಧ. ಇಂದಿಗೂ ಅರಬ್ ದೇಶಗಳಲ್ಲಿ ಎರಡು ತಂಡಗಳ ಹೆಸರಿನ ನಡುವೆ ಇದೇ ಪದ ಕೂರುತ್ತದೆ, ನಾವು 'ವಿರುದ್ಧ' ಎಂದು ಬರೆಯುವ ಜಾಗದಲ್ಲಿ. ಅದರ ಮೊದಲ ಅಕ್ಷರ ಪಾರಸಿ ನಾಲಿಗೆಯಲ್ಲಿ ಬದಲಾಯಿತು, ಹಿಂದೂಸ್ತಾನಿಯಲ್ಲಿ ಅದು 'ಜಿದ್' ಆಗಿ ಹಠ ಎಂಬ ಅರ್ಥ ಪಡೆಯಿತು. ಕನ್ನಡಕ್ಕೆ ಬಂದಾಗ ನಾವು ಕೊನೆಗೊಂದು ಉಕಾರ ಸೇರಿಸಿ ಮನೆಯೊಳಗೆ ಕರೆದುಕೊಂಡೆವು. ಆಮೇಲೆ ಇನ್ನೊಂದು ಸೊಗಸು ನಡೆಯಿತು. ಮುಷ್ಟಾಮುಷ್ಟಿ, ಕೇಶಾಕೇಶಿ ಎಂಬ ಸಂಸ್ಕೃತದ ಅಚ್ಚಿಗೆ ಅದನ್ನು ಹೊಯ್ದು 'ಜಿದ್ದಾಜಿದ್ದಿ' ಮಾಡಿಕೊಂಡೆವು. ಅರಬ್ಬಿ ಬೀಜ, ಸಂಸ್ಕೃತದ ಅಚ್ಚು, ಕನ್ನಡದ ಬಾಯಿ! ಚುನಾವಣೆಯ ಸುದ್ದಿಯೂ ಕ್ರೀಡಾಪುಟವೂ ಈ ಮಾತಿಲ್ಲದೆ ಇವತ್ತು ನಡೆಯುವುದಿಲ್ಲ.

ಹಠಕ್ಕೆ ಒಬ್ಬರು ಸಾಕು. ಜಾತ್ರೆಯಲ್ಲಿ ಬಲೂನಿಗಾಗಿ ನೆಲಕ್ಕೆ ಬಿದ್ದು ಹೊರಳುವ ಮಗುವಿಗೆ ಎದುರಾಳಿ ಬೇಕಿಲ್ಲ. ಛಲವೂ ಒಬ್ಬರೊಳಗೇ ಉರಿಯುವಂಥದ್ದು. ಜಿದ್ದಿಗೆ ಮಾತ್ರ ಇಬ್ಬರು ಬೇಕು. ಪಕ್ಕದ ಹೊಲದವನು ಬೋರ್‌ವೆಲ್ ಹಾಕಿಸಿದ ಎಂದು ಇವನೂ ಜಿದ್ದಿಗೆ ಬಿದ್ದು ಹಾಕಿಸುತ್ತಾನೆ. ಅದೇ ಜಿದ್ದು ಹಳತಾಗಿ ಕೊಳೆತರೆ ಹಗೆಯಾಗುತ್ತದೆ. 'ಹಳೇ ಜಿದ್ದು' ಎಂಬ ಮಾತಿನಲ್ಲಿ ಬದುವಿನ ಜಗಳವೂ ಕೋರ್ಟಿನ ಅಲೆದಾಟವೂ ಇವೆ. ಒಂದೇ ಪದಕ್ಕೆ ಎರಡು ದಾರಿ. ನಮ್ಮ ಗೋಡೆಯ ಮೇಲಿನ ಜಿದ್ದು ಒಳ್ಳೆಯ ದಾರಿ ಹಿಡಿಯಿತು.

ನವೆಂಬರ್ 22, ಮಂಗಳವಾರ. ಅರ್ಜೆಂಟೀನಾ ಮತ್ತು ಸೌದಿ ಅರೇಬಿಯಾ ಪಂದ್ಯ ನಮ್ಮ ಗಡಿಯಾರಕ್ಕೆ ಮಧ್ಯಾಹ್ನ ಮೂರೂವರೆಗೆ ಶುರು. 36 ಪಂದ್ಯಗಳಿಂದ ಸೋತಿರದ ತಂಡ ಅರ್ಜೆಂಟೀನಾ. ಹದಿನೆಂಟು ಜನ ಅರ್ಜೆಂಟೀನಾ ಎಂದೇ ಬರೆದಿದ್ದರು. ಸೌದಿ ಎಂದು ಬರೆದವರು ಅಕೌಂಟ್ಸ್ ವಿಭಾಗದ, ಉಡುಪಿ ಕಡೆಯ ಅಕ್ಕ ಒಬ್ಬರೇ. ಗಂಡ ಸೌದಿಯ ದಮ್ಮಾಮ್‌ನಲ್ಲಿ ಕೆಲಸಕ್ಕಿದ್ದರು, ಕಾರಣ ಅಷ್ಟೇ. ಹತ್ತನೇ ನಿಮಿಷದಲ್ಲಿ ಅರ್ಜೆಂಟೀನಾದ ಮೆಸ್ಸಿ ಪೆನಾಲ್ಟಿ ಹೊಡೆದಾಗ ನಮ್ಮ ಆಫೀಸಿನ ಕೋಯಿಕ್ಕೋಡಿನ ಹುಡುಗನೊಬ್ಬ ಅಕ್ಕನ ಟೇಬಲ್ಲಿಗೇ ಹೋಗಿ ಕಾಲೆಳೆದ: "ಅಕ್ಕಾ, ಬೋಂಡಾ ಬಿಸಿ ಇರಲಿ." ವಿರಾಮದ ನಂತರ ಐದು ನಿಮಿಷದ ಅಂತರದಲ್ಲಿ ಸೌದಿ ಎರಡು ಗೋಲು ಹೊಡೆಯಿತು. ಪಂದ್ಯ 2-1ಕ್ಕೆ ಮುಗಿದಾಗ ಹುಡುಗನ ಮುಖ ನೋಡಲಾಗುತ್ತಿರಲಿಲ್ಲ. ಅಕ್ಕ ಒಂದು ಮಾತೂ ಆಡದೆ ಅವನಿಗೆ ಟೀ ತಂದುಕೊಟ್ಟರು. ಮರುದಿನ ಸೌದಿಯಲ್ಲಿ ಸಾರ್ವಜನಿಕ ರಜೆ. "ನಮ್ಮವರಿಗೆ ಇವತ್ತು ರಜೆಯಂತೆ" ಎಂದು ಅವರು ನಗುತ್ತಾ ಬಂದರೆ, ಅವರ ಟೇಬಲ್ ಮೇಲೆ ಆ ಹುಡುಗ ಇಟ್ಟಿದ್ದ ಕೋಯಿಕ್ಕೋಡ್ ಹಲ್ವ ಇತ್ತು.

ಈ ಆಟಕ್ಕೆ ಬರೆಯದ ಒಂದು ನಿಯಮ ಇತ್ತು. ಊಹೆಯ ಕಾಲೆಳೆಯಬಹುದು, ಊರು, ಭಾಷೆ, ಮೈಬಣ್ಣದ ಕಾಲೆಳೆಯುವಂತಿಲ್ಲ. ನಡುವೆ ಯಾರೋ ತಲೆಗೆ ಐನೂರು ರೂಪಾಯಿ ಹಾಕೋಣ ಎಂದರು, ಹಿರಿಯರೊಬ್ಬರು ಬೇಡವೆಂದರು. ಅವರು ಮಾಡಿದ್ದು ಸರಿ. ದುಡ್ಡು ಬಂದರೆ ಅದಕ್ಕೆ ಬಾಜಿ, ಜೂಜು ಎಂಬ ಬೇರೆ ಹೆಸರುಗಳಿವೆ. ಅಲ್ಲಿ ಎಲ್ಲರ ಕಣ್ಣೂ ಎದುರಿನವನ ಜೇಬಿನ ಮೇಲಿರುತ್ತದೆ. ಜಿದ್ದಿನಲ್ಲಿ ಎದುರಿನವನ ಮುಖ ಕಾಣುತ್ತದೆ.

ಡಿಸೆಂಬರ್ 18ರ ಫೈನಲ್‌ಗೆ ಅರ್ಜೆಂಟೀನಾ ಬಂದೇಬಿಟ್ಟಿತು. ಶುಕ್ರವಾರ ಸಂಜೆ ಶೀಟಿನ ಮುಂದೆ ಅಕ್ಕ ಪೆನ್ನು ಹಿಡಿದು ನಿಂತಿದ್ದರು. ಈ ಸಲ ಅವರೂ ಮೆಸ್ಸಿಯ ಕಡೆ ಎಂದುಕೊಂಡಿದ್ದೆವು. ಅವರು ಫ್ರಾನ್ಸ್ ಎಂದು ಬರೆದರು. ಹುಡುಗ ಯಾಕಕ್ಕಾ ಎಂದ. "ನಾನೂ ಅರ್ಜೆಂಟೀನಾ ಅಂತ ಬರೆದ್ರೆ ನಿನ್ನೊಟ್ಟಿಗೆ ಜಿದ್ದಿಗೆ ಬೀಳ್ಲಿಕ್ಕೆ ಯಾರುಂಟು ಮಾರಾಯ?"

ಭಾನುವಾರ ರಾತ್ರಿ ಪಂದ್ಯ 3-3 ಆಗಿ, ಪೆನಾಲ್ಟಿಯಲ್ಲಿ 4-2ರಿಂದ ಅರ್ಜೆಂಟೀನಾ ಗೆದ್ದಿತು. ಸೋಮವಾರದ ಬೋಂಡಾ ಅಕ್ಕನ ಲೆಕ್ಕದ್ದು.

'ದಿದ್ದ್' ಎಂದರೆ ಎದುರು ಎಂದೆನಲ್ಲ. ನಿಮ್ಮ ಆಫೀಸಿನಲ್ಲೂ ಹೀಗೆ ಎದುರು ನಿಲ್ಲುವವರೊಬ್ಬರು ಇದ್ದರೆ ಅವರನ್ನು ಉಳಿಸಿಕೊಳ್ಳಿ.