ಕೀಲಿ ತೆಗೆದರೂ ನಿಲ್ಲದ ಎಂಜಿನ್

ಹಳೆಯ ಪೆಟ್ರೋಲ್ ಜೀಪಿನ ಕೀಲಿ ತಿರುಗಿಸಿ ತೆಗೆದೊಡನೆ ಎಂಜಿನ್ ನಿಲ್ಲುತ್ತದೆ. ಅದೇ ಜೀಪಿಗೆ ಹಳೆಯ ಮಾದರಿಯ ಡೀಸೆಲ್ ಎಂಜಿನ್ ಕೂರಿಸಿದ್ದರೆ ಕೀಲಿ ತೆಗೆದರೂ ಅದು ಓಡುತ್ತಲೇ ಇರಬಹುದು. ನಿಲ್ಲಿಸಲು ಬೇರೊಂದು ಸ್ಟಾಪ್ ಕೇಬಲ್ ಎಳೆಯಬೇಕು. ಹೀಗೇಕೆ? ಬೀದರದ ಮೈಲೂರಿನಲ್ಲೋ ಭಾಲ್ಕಿ, ಔರಾದದಲ್ಲೋ ವಿದ್ಯಾರ್ಥಿಯೊಬ್ಬ ಈ ಪ್ರಶ್ನೆ ಕೇಳಿದನೆನ್ನಿ. ಉತ್ತರಕ್ಕಾಗಿ ನೀವು ನೂರು ವರ್ಷಗಳಿಗೂ ಹಿಂದೆ ಹೋಗಬೇಕು.

ಪೆಟ್ರೋಲ್ ಎಂಜಿನ್ನಿನಲ್ಲಿ ಉರಿ ಹೊತ್ತಿಸುವುದು ವಿದ್ಯುತ್ ಕಿಡಿ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ಮೂಲ. 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟ್ಟರಿಂಗ್ ಬ್ಯಾಟರಿ ಮತ್ತು ಕಾಯಿಲ್ ಬಳಸುವ ವ್ಯವಸ್ಥೆ ರೂಪಿಸಿದರು. ಕಾಯಿಲಿನ ಪ್ರಾಥಮಿಕ ಸುರುಳಿಯ ಪ್ರವಾಹ ಥಟ್ಟನೆ ಕಡಿದಾಗ ದ್ವಿತೀಯಕ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಕೀಲಿ ತೆಗೆದರೆ ಪ್ರವಾಹವಿಲ್ಲ, ಕಿಡಿಯೂ ಇಲ್ಲ.

ರುಡಾಲ್ಫ್ ಡೀಸೆಲ್ ಹಿಡಿದ ದಾರಿ ಬೇರೆ. 1897ರಲ್ಲಿ ಯಶಸ್ವಿಯಾದ ಅವರ ಎಂಜಿನ್ನಿಗೆ ಕಿಡಿಯೇ ಬೇಡ. 300 ಕೆಲ್ವಿನ್ ಉಷ್ಣತೆಯ ಗಾಳಿಯನ್ನು ಶಾಖ ಸೋರದಂತೆ ಇಪ್ಪತ್ತನೆಯ ಒಂದು ಗಾತ್ರಕ್ಕೆ ಒತ್ತಿದರೆ, ಲೆಕ್ಕದ ಪ್ರಕಾರ ಉಷ್ಣತೆ ಸುಮಾರು 990 ಕೆಲ್ವಿನ್ ಮುಟ್ಟುತ್ತದೆ. ಒತ್ತಡದ ಅನುಪಾತ 7 ಇರುವ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಸುಮಾರು 650 ಮಾತ್ರ. ನಿಜವಾದ ಎಂಜಿನ್ನಿನಲ್ಲಿ ಶಾಖ ಸ್ವಲ್ಪ ಸೋರಿದರೂ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಅದನ್ನು ನಿಲ್ಲಿಸಬೇಕಾದರೆ ಇಂಧನವನ್ನೇ ಕಡಿಯಬೇಕು.

ಎರಡನೆಯ ಮಹಾಯುದ್ಧದ ನಂತರ ಮಹೀಂದ್ರಾ ಸಂಸ್ಥೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಅವು ಪೆಟ್ರೋಲ್ ಕುಡಿಯುವ ಗಾಡಿಗಳು. 1973ರ ತೈಲ ಬಿಕ್ಕಟ್ಟಿನ ಬಳಿಕ ಪೆಟ್ರೋಲ್ ದುಬಾರಿಯಾಯಿತು, ಡೀಸೆಲ್ ಅಗ್ಗವಾಗಿತ್ತು. ಕಂಪನಿಯೂ ಪ್ಯೂಜೊ ಮೂಲದ ಡೀಸೆಲ್ ಎಂಜಿನ್ ಅಳವಡಿಸಿತು. ಗ್ಯಾರೇಜುಗಳಲ್ಲಿ ಹಳೆಯ ಜೀಪು, ಪಿಕಪ್, ಅಂಬಾಸಡರ್‌ಗಳ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಏರಿಸುವ ಕಸುಬು ದೇಶದೆಲ್ಲೆಡೆ ಬೆಳೆಯಿತು.

ಆದರೆ ಎಂಜಿನ್ ಚೌಕಟ್ಟಿನಲ್ಲಿ ಕೂತರೆ ಸಾಲದು. ಹೆಚ್ಚು ಒತ್ತಡದ ಎದುರು ತಿರುಗಿಸಲು ದೊಡ್ಡ ಸ್ಟಾರ್ಟರ್, ಬಲವಾದ ಬ್ಯಾಟರಿ, ದಪ್ಪ ಕೇಬಲ್ ಬೇಕು. ಪೆಟ್ರೋಲ್ ಎಂಜಿನ್ನಿನ ಥ್ರಾಟಲ್ ಕವಾಟದ ಹಿಂದೆ ಭಾಗಶಃ ನಿರ್ವಾತ ಉಂಟಾಗುತ್ತದೆ. ಎಷ್ಟೋ ವಾಹನಗಳ ಬ್ರೇಕಿಗೆ ನೆರವಾಗುವುದು ಅದೇ. ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಆ ಕವಾಟವಿಲ್ಲ. ಅಂಥ ಗಾಡಿಗೆ ಪ್ರತ್ಯೇಕ ನಿರ್ವಾತ ಪಂಪು ಜೋಡಿಸದಿದ್ದರೆ ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಉಳಿಸಿದ ಇಂಧನದ ಹಣಕ್ಕೆ ಪ್ರಾಣವನ್ನೇ ತೆರಬೇಕಾದೀತು.

ಪೆಟ್ರೋಲಿಗೆ ಪೆಟ್ರೋಲ್ ಎಂಜಿನ್ನನ್ನೇ ಹಾಕಿದರೂ ಎಚ್ಚರ ಬೇಕು. ಯುದ್ಧಕಾಲದ ವಿಲ್ಲಿಸ್ ಜೀಪಿನದು 6 ವೋಲ್ಟ್ ವ್ಯವಸ್ಥೆ. ಅದರ ಕಾಯಿಲಿಗೆ 12 ವೋಲ್ಟ್ ಕೊಟ್ಟರೆ ಪ್ರವಾಹ ಹೆಚ್ಚುಕಡಿಮೆ ಇಮ್ಮಡಿ, ಶಾಖ ನಾಲ್ಮಡಿ, ಕಾಯಿಲ್ ಸುಡುತ್ತದೆ. ಓಮ್ ಮತ್ತು ಜೂಲ್ ನಿಯಮಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಗೆ ಬೇಕೆ?

ಇಂದಿನ ಎಂಜಿನ್ನುಗಳಲ್ಲಿ ಇಂಧನದ ಕಾಲವನ್ನೂ ಕಿಡಿಯ ಕಾಲವನ್ನೂ ಕಂಪ್ಯೂಟರ್ ನಿರ್ಧರಿಸುತ್ತದೆ. ಅದರ ಸಂವೇದಕಗಳೂ ತಂತಿಜಾಲವೂ ಎಂಜಿನ್ನಿನ ಜೊತೆಗೇ ಬರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಮಾರ್ಪಾಡುಗಳಿಗೆ ಕಟ್ಟುನಿಟ್ಟಿನ ಮಿತಿ ಹಾಕಿದೆ. ಆದ್ದರಿಂದ ಎಂಜಿನ್ ಹೊಂದುತ್ತದೆಯೇ ಎಂದು ಯಾರಾದರೂ ಕೇಳಿದರೆ ಬೋಲ್ಟುಗಳ ಅಳತೆಯೊಂದನ್ನೇ ನೋಡಬೇಡಿ. ಅದರಲ್ಲಿ ಬೆಂಕಿ ಹೊತ್ತಿಸುವುದು ಯಾವುದು, ಆರಿಸುವುದು ಯಾವುದು ಎಂದು ಮೊದಲು ಕೇಳಿ.