ದೊಡ್ಡಸ್ವಾಮಿಯವರು ಮತ್ತು ಕರುವಿನ ಕಥೆ

1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪು ಸುಲ್ತಾನನ ಸೇನೆ ಇಂಗ್ಲಿಷರೆದುರು ಹಿಮ್ಮೆಟ್ಟಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆ ಸೀಮೆಯ ಕ್ರೈಸ್ತರು ಅಂದು ಒಂದು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದರು. 1784ರಲ್ಲಿ ಕೆನರಾ ಕರಾವಳಿಯಿಂದ ಸೆರೆಯಾಗಿ ಬಂದವರಲ್ಲಿ ಬಹಳಷ್ಟು ಮಂದಿ ಬಲವಂತದ ಸುನ್ನತಿಗೆ ಒಳಗಾಗಿದ್ದರು, ಬೇರೆ ಧರ್ಮದವರೆಂದು ಎಣಿಸಲ್ಪಟ್ಟಿದ್ದರು. ಈಗ ಅವರು ತಮ್ಮ ದೇವಾಲಯಕ್ಕೆ ಮರಳಬಹುದೆ? ಮರಳಿದರೆ ಯಾವ ಪ್ರಾಯಶ್ಚಿತ್ತ? ಇದನ್ನು ತೀರ್ಮಾನಿಸಲು ಬಂದವರು ಫ್ರಾನ್ಸಿನ ಪಾದ್ರಿ ಅಬ್ಬೆ ಡುಬೊಯ್.

ಡುಬೊಯ್ ಗುರುದೀಕ್ಷೆ ಪಡೆದದ್ದು 1792ರಲ್ಲಿ. ಅದೇ ವರ್ಷ ಭಾರತಕ್ಕೆ ಹೊರಟವರು ಇಲ್ಲಿ ಪೇಟ ಕಟ್ಟಿದರು, ಗಡ್ಡ ಬಿಟ್ಟರು, ಮಾಂಸ ತ್ಯಜಿಸಿದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರ ಹೆಸರಿನ ಚರ್ಚು ಇಂದಿಗೂ ಇದೆ. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಕನ್ನಡದ ಕಿವಿಗೆ ಇದು ಮಠದ ಮಾತು, ಮನೆಯ ಮಾತು. ಹೊರಗಿನವರಿಗೆ ಇಂಥ ಹೆಸರು ಸುಮ್ಮನೆ ಸಿಗುವುದಿಲ್ಲ.

ಮರಳಿ ಬಂದವರ ಪ್ರಶ್ನೆ ಸಭೆಗೆ ಹೊಸದೇನೂ ಆಗಿರಲಿಲ್ಲ. ಮೂರನೆಯ ಶತಮಾನದಲ್ಲಿ ರೋಮ್ ಚಕ್ರವರ್ತಿ ಡೀಸಿಯಸ್‌ನ ಕಾಟಕ್ಕೆ ಹೆದರಿ ನಂಬಿಕೆ ಬಿಟ್ಟುಕೊಟ್ಟವರ ವಿಚಾರದಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಇದೇ ತೊಡಕನ್ನು ಬಿಡಿಸಬೇಕಾಗಿತ್ತು. ತಪಸ್ಸಿನ ದಾರಿಯಿಂದ ಅವರನ್ನು ಮತ್ತೆ ಒಳಗೆ ಕರೆದುಕೊಳ್ಳಬಹುದೆಂಬ ನಿಲುವೇ ಅಲ್ಲಿ ಉಳಿಯಿತು. ಮೂರು ಬಾರಿ ‘ಅವನನ್ನು ನಾನರಿಯೆ’ ಎಂದ ಪೇತ್ರನೇ ಶಿಷ್ಯರಲ್ಲಿ ಮುಂದಾಳಾದ ಶುಭಸಂದೇಶ ಅವರ ಕೈಯಲ್ಲಿತ್ತಲ್ಲ! ಹೊರಗಷ್ಟೇ ಬದಲಾದೆವು, ಒಳಗಿನ ನಂಬಿಕೆ ಹಾಗೆಯೇ ಇತ್ತು ಎಂದು ಬಂದವರು ಡುಬೊಯ್ ಅವರ ಮುಂದೆ ಹೇಳಿಕೊಂಡರು. ಅವರೆಲ್ಲ ಮತ್ತೆ ಸಭೆಯ ಮಡಿಲಿಗೆ ಸೇರಿದರು. ಆದರೂ ಒಬ್ಬನಾದರೂ ಪ್ರಾಣ ಕೊಟ್ಟು ನಿಲ್ಲಲಿಲ್ಲವೆಂದು ಡುಬೊಯ್ ಕೊರಗಿದರು. ಆ ಮಾತು ಕಟುವಾದದ್ದು. ಊರು, ಹೊಲ, ಮನೆಗಳನ್ನು ಕಳೆದುಕೊಂಡು ಬಂದ ಸೆರೆಯಾಳುಗಳಿಂದ ಅಷ್ಟನ್ನು ಕೇಳುವುದು ನ್ಯಾಯವೆನಿಸುವುದಿಲ್ಲ. ಡುಬೊಯ್ ಅವರ ಕೈ ಮಾತ್ರ ಅವರ ಮಾತಿಗಿಂತ ಮೃದುವಾಗಿತ್ತು.

ಈ ಜನರಲ್ಲಿ ಹೆಚ್ಚಿನವರು ಧರ್ಮಗ್ರಂಥವನ್ನು ಓದಿ ತಿಳಿದವರಲ್ಲ. 1648ರ ಸುಮಾರಿಗೇ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಇಟಲಿಯ ಜೆಸ್ವಿತ್ ಲಿಯೊನಾರ್ಡೊ ಚಿನ್ನಾಮಿ ಕನ್ನಡದಲ್ಲಿ ಜ್ಞಾನೋಪದೇಶವನ್ನೂ ಸಂತರ ಚರಿತ್ರೆಗಳನ್ನೂ ವ್ಯಾಕರಣವನ್ನೂ ಬರೆದಿದ್ದರು. ಉಪದೇಶಿ ಹೇಳುವುದು, ಮಕ್ಕಳು ಉರುಹೊಡೆಯುವುದು: ದೇವರ ಹತ್ತು ಕಟ್ಟಳೆಗಳು ಉಳಿಯುತ್ತಿದ್ದದ್ದು ಹೀಗೆ. ನಡತೆ ತಪ್ಪಿದಾಗ ಪಾಪನಿವೇದನೆ, ತಪಸ್ಸುಕಾಲದಲ್ಲಿ ಉಪವಾಸ.

ಕಿವಿಯಿಂದ ಬಂದ ಈ ಧರ್ಮಕ್ಕೆ ಪುಸ್ತಕದ ಧರ್ಮ ಎದುರಾಯಿತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ತೊಡಗಿದರು. 1830ರ ದಶಕದ ಆರಂಭಕ್ಕೆ ಇಡೀ ಗ್ರಂಥ ಕನ್ನಡದಲ್ಲಿತ್ತು. 1820ರ ದಶಕದಲ್ಲೇ ವೆಸ್ಲಿಯನ್ ಮಿಷನ್ನಿನವರು ಮೈಸೂರು ಸೀಮೆಗೆ ಕಾಲಿಟ್ಟರು. ಗ್ರಂಥವನ್ನು ಪ್ರತಿಯೊಬ್ಬರ ಕೈಗೂ ಕೊಡಬೇಕೆಂಬುದು ಈ ಪ್ರೊಟೆಸ್ಟೆಂಟರ ಹಟ. ಡುಬೊಯ್ ಒಪ್ಪಲಿಲ್ಲ. ಭಾರತ ಬಿಟ್ಟು ಹೋದ 1823ರಲ್ಲೇ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಹೊರಬಂತು. ಹೀಗೆ ಬರಿಯ ಅನುವಾದ ಹಂಚಿದರೆ ಈ ನೆಲದಲ್ಲಿ ಅದು ತಿರಸ್ಕಾರವನ್ನೇ ಹುಟ್ಟಿಸುತ್ತದೆ ಎಂದು ಅದರಲ್ಲಿ ವಾದಿಸಿದರು. ಮರುವರ್ಷವೇ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಪುಸ್ತಕ ಬರೆದು ಉತ್ತರಿಸಿದರು.

ತಮ್ಮ ವಾದಕ್ಕೆ ಡುಬೊಯ್ ಕೊಟ್ಟ ಉದಾಹರಣೆಯೊಂದು ಮರೆಯಲಾಗದ್ದು. ದಾರಿ ತಪ್ಪಿದ ಮಗ ಮನೆಗೆ ಮರಳಿದಾಗ ತಂದೆ ಕೊಬ್ಬಿದ ಕರುವನ್ನು ಕಡಿಸಿ ಔತಣ ಮಾಡಿಸುವ ಸಾಮತಿ ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿದೆ. ಅದನ್ನು ಬೋಧಿಸಿದ ಮೇಲೆ ಸ್ವತಃ ಅವರ ಸಭೆಯವರೇ ಬಂದು ಆಕ್ಷೇಪಿಸಿದರಂತೆ: ಹಿಂದೂಗಳು ಕೇಳಿಸಿಕೊಂಡರೆ ನಮ್ಮದು ಕೀಳು ಧರ್ಮವೆಂದುಕೊಳ್ಳುತ್ತಾರೆ, ಇನ್ನೊಮ್ಮೆ ಹೇಳುವಾಗ ಕರುವಿನ ಬದಲು ಕುರಿಮರಿ ಎನ್ನಿ.

ಅನುವಾದ ವ್ಯರ್ಥವೆಂಬುದಕ್ಕೆ ಇದೇ ಸಾಕ್ಷಿ ಎಂದು ಡುಬೊಯ್ ತಿಳಿದರು. ನಿಜಕ್ಕೂ ಆ ಘಟನೆ ಹೇಳುವುದು ಬೇರೆಯೇ. ಕುರಿಮರಿ ಕೇಳಿದವರು ಕಥೆಯನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಔತಣ ಬೇಡವೆಂದಾಗಲಿ, ಮಗನನ್ನು ಬಾಗಿಲಲ್ಲೇ ನಿಲ್ಲಿಸಬೇಕೆಂದಾಗಲಿ ಅವರು ಹೇಳಲಿಲ್ಲ. ಕೀಳೆಂಬ ಹಣೆಪಟ್ಟಿಯ ಭಯದಲ್ಲಿ ಜಾತಿಯ ನೆರಳು ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ನೆರೆಯವನ ಮನಸ್ಸು ನೋಯಬಾರದೆಂಬ ಎಚ್ಚರವೂ ಆ ಗ್ರಂಥದ್ದೇ. ತನ್ನ ಊಟದಿಂದ ಸೋದರ ಎಡವುವುದಾದರೆ ಮಾಂಸವನ್ನೇ ಮುಟ್ಟೆನೆಂದು ಪೌಲನು ಕೊರಿಂಥದವರಿಗೆ ಬರೆದಿದ್ದ. ಅದಕ್ಕೂ ಮೊದಲು ಜೆರುಸಲೇಮಿನಲ್ಲಿ ಕೂಡಿದ್ದ ಹಿರಿಯರು ಅನ್ಯಜನರ ಮೇಲೆ ಸುನ್ನತಿಯ ಹೊರೆ ಹೊರಿಸಬಾರದೆಂದು ತೀರ್ಮಾನಿಸಿದ್ದರು. ಗಂಜಾಮಿನಲ್ಲಿ ಮಾಂಸ ಬಿಟ್ಟು ಬದುಕಿದ ದೊಡ್ಡಸ್ವಾಮಿಯವರ ನಡೆ ಪೌಲನ ಆ ಮಾತಿಗೆ ಎಷ್ಟು ಹತ್ತಿರ!

ಇದೇ ಪಾದ್ರಿ ಸಿಡುಬಿನ ಲಸಿಕೆ ಹಾಕಿಸಲು ಊರೂರು ತಿರುಗಿದರು. 1803 ಮತ್ತು 1804ರಲ್ಲಿ 25,432 ಜನರ ಹೆಸರು ದಾಖಲೆಗೆ ಸೇರಿತು. ಆ ಲಸಿಕೆ ಹಸುವಿನ ಸಿಡುಬಿನಿಂದ ಬಂದದ್ದು. ಕರುವಿನ ಕಥೆ ಕೇಳಲಾಗದ ನಾಡಿನಲ್ಲಿ ಅಷ್ಟು ಜನ ಅದಕ್ಕೆ ತೋಳು ಕೊಟ್ಟರು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಕಟ್ಟಳೆಗೆ ಅನುವಾದದ ಗೊಡವೆ ಬೇಕಾಗಲಿಲ್ಲ.

ಡುಬೊಯ್ 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಪುಸ್ತಕದ ಪಕ್ಷ ಗೆದ್ದಿತು. ಎರಡೂ ಪಕ್ಷದವರು ಕಲಿಸುವ ಆ ಹತ್ತು ಕಟ್ಟಳೆಗಳಲ್ಲಿ ‘ಕದಿಯಬೇಡ’ ಎಂಬುದು ಕಥೊಲಿಕರ ಎಣಿಕೆಯಲ್ಲಿ ಏಳನೆಯದು, ವೆಸ್ಲಿಯನ್ ಪರಂಪರೆಯವರಿಗೆ ಎಂಟನೆಯದು. ಕಳ್ಳತನ ಇಬ್ಬರಿಗೂ ಪಾಪವೇ. ರೋಮನ್ ಪದ್ಧತಿಯ ಚರ್ಚುಗಳಲ್ಲಿ ಮೂರು ವರ್ಷಕ್ಕೊಮ್ಮೆ, ತಪಸ್ಸುಕಾಲದ ನಾಲ್ಕನೆಯ ಭಾನುವಾರ, ಲೂಕನ ಆ ಅಧ್ಯಾಯದ ಸರದಿ ಬರುತ್ತದೆ. ಮಗ ಮನೆಗೆ ಬರುತ್ತಾನೆ, ತಂದೆ ಓಡಿ ಹೋಗಿ ತಬ್ಬಿಕೊಳ್ಳುತ್ತಾನೆ. ಅಚ್ಚಾದ ಕನ್ನಡದಲ್ಲಿ ಅಲ್ಲಿರುವುದು ಕರುವೇ.